ಆಯಿ ಹೇಳಿದ ಒಂದೇ ಸುಳ್ಳು

ಇವತ್ತು ಕಲಬುರಗಿ ಮಾರ್ಕೆಟ್ಟಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಕಮಲಾಪುರದಲ್ಲಿ ನನ್ನನ್ನು ಬೆಳೆಸಿದ ಅಜ್ಜಿ, ನಮ್ಮ ಆಯಿ, ನೆನಪಾದಳು. ನಾನು ತಪ್ಪಿದಾಗೆಲ್ಲ ಅವಳ ಬಾಯಲ್ಲಿ ಒಂದು ಗಾದೆ ಸಿದ್ಧ. ಹೆಚ್ಚಿನವು ಸುಳ್ಳು ಹೇಳಬಾರದು ಅಂತಲೇ.

ನಲವತ್ತೆಂಟರಲ್ಲಿ ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಬಿದ್ದಾಗ ಪಕ್ಕದ ಮನೆಯ ನನ್ನ ಗೆಳತಿ ಮೆಹಬೂಬಿ ಮತ್ತು ಅವಳ ತಾಯಿ ನಮ್ಮ ಜೋಳದ ಚೀಲಗಳ ಹಿಂದೆ ಅಡಗಿದ್ದರು. ಮುಸ್ಲಿಮರನ್ನು ಹುಡುಕುತ್ತ ಬಡಿಗೆ ಹಿಡಿದವರು ಬಾಗಿಲಿಗೆ ಬಂದರು.

"ಒಳಗ ಯಾರೂ ಇಲ್ರೀ," ಅಂದಳು ಆಯಿ.

ಅವರು ಹೋದ ಮೇಲೆ ಕೇಳಿದೆ, "ಆಯಿ, ಸುಳ್ಳು ಹೇಳ್ದಿ?"

"ಹೂಂ, ಹೇಳೀನಿ. ಯಾರು ಕೇಳಿದ್ರೂ ನೀನೂ ಹೇಳಬೇಕು."

ಮರುದಿನ ನಸುಕಿನಲ್ಲಿ ತಾಯಿ ಮಗಳು ಹೊರಟುಹೋದರು. ಮತ್ತೆ ಬರಲೇ ಇಲ್ಲ. ಆಮೇಲೆ ಆಯಿ ಗಾದೆ ಹೇಳುವುದನ್ನೇ ಬಿಟ್ಟಳು. ನಾನು ಅಂಗಳದಲ್ಲಿ ಒಬ್ಬಳೇ ಆಡಿದೆ. ಕೇಳಿದವರಿಗೆಲ್ಲ, ಮೆಹಬೂಬಿ ನಮ್ಮನಿಗೆ ಬಂದೇ ಇಲ್ಲ ಅಂದೆ.

ಈಗ ಕಲಬುರಗಿಯ ಬ್ರಹ್ಮಪುರದಲ್ಲಿದ್ದೇನೆ. ಯಾರಾದರೂ ಕೇಳಿದ್ದರೆ ಈಗ ನಿಜ ಹೇಳಿಬಿಡುತ್ತಿದ್ದೆ. ಆದರೆ ಕೇಳಲು, ಮೆಹಬೂಬಿಯನ್ನು ಕಂಡವರು ಯಾರೂ ಉಳಿದಿಲ್ಲ.