ನಾನು ತಿದ್ದಿದ ಅರ್ಜಿ

ಶಹಾಬಾದಿನ ನಮ್ಮ ಓಣಿಯಲ್ಲಿ ಇಂಗ್ಲಿಷ್ ಅರ್ಜಿ ಯಾರದೇ ಇರಲಿ, ಮೊದಲು ನನ್ನ ಕಟ್ಟೆಗೆ ಬರುತ್ತದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಕೆಂಪು ಪೆನ್ನು ಇನ್ನೂ ಕೈ ಬಿಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಗಂಡನಿಗೆ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ನೌಕರಿ, ಕಂಪನಿಯದೇ ಕ್ವಾರ್ಟರ್ಸು. ಅವಳ ಬಲಗೈ ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಗಂಡ ಅವಳನ್ನು ಹೊರದಬ್ಬಿ, ನಾಲ್ಕು ವರ್ಷದ ಮಗಳನ್ನು ಒಳಗಿಟ್ಟುಕೊಂಡಿದ್ದ.

"ಮಿಸ್, ಮಗಳು ನನ್ನ ಕೈಗೆ ಬರಬೇಕ್ರಿ. ಕ್ವಾರ್ಟರ್ಸ್ ನೋಡ್ಕೊಳ್ಳೋ ಕಂಪನಿ ಸಾಹೇಬ್ರಿಗೆ ಕನ್ನಡ ಓದ್ಲಿಕ್ಕ ಬರಂಗಿಲ್ಲ. ಅದಕ್ಕ ಇಂಗ್ಲಿಷ್‌ನಾಗ ಬರ್ದೀನಿ."

ಎಡಗೈಯಲ್ಲಿ ಬರೆದದ್ದು. 'ಹಿ ಈಸ್ ಬೀಟಿಂಗ್ ಮಿ ಡೈಲಿ ಓನ್ಲಿ. ಮೈ ಹ್ಯಾಂಡ್ ಹಿ ಕೆಪ್ಟ್ ಇನ್ ಡೋರ್ ಅಂಡ್ ಕ್ಲೋಸ್ಡ್ ಡೋರ್. ತ್ರೀ ಟೈಮ್ಸ್ ಹಿ ಕ್ಲೋಸ್ಡ್. ಡಾಟರ್ ಈಸ್ ಸೀಯಿಂಗ್.'

ಓದುತ್ತಲೇ ನನ್ನ ಬೆರಳ ಗೆಣ್ಣು ಚುರುಗುಟ್ಟಿತು. ಕಾನ್ವೆಂಟಿನಲ್ಲಿ ನಾನೂ ಒಮ್ಮೆ ಹೀಗೆ ಮನೆಯ ಮಾತಿನ ಧಾಟಿಯಲ್ಲಿ ಬರೆದಾಗ, ಸಿಸ್ಟರ್ ರೂಲರಿನ ಅಂಚಿನಿಂದ ರಕ್ತ ಬರುವಂತೆ ಹೊಡೆದಿದ್ದರು. ಆಮೇಲೆ ನಾನೆಂದೂ ತಪ್ಪು ಬರೆಯಲಿಲ್ಲ. ಆ ಸಿಸ್ಟರ್ ಈಗಲೂ ನೆನಪಾಗುತ್ತಾರೆ, ಪ್ರೀತಿಯಿಂದಲೇ.

"ಏನವ್ವಾ ಇದು, ಟೆನ್ಸೆಲ್ಲಾ ಕುಸ್ತಿ ಹಿಡದಾವ?"

"ಕುಸ್ತಿ ಅಂವಾ ಹಿಡ್ದಾನ್ರಿ ಮಿಸ್. ನಾ ಬರೇ ಬರ್ದೀನಿ."

ಎಲ್ಲಕ್ಕೂ ಕೆಂಪು ಗೀಟೆಳೆದೆ. ಬಾಗಿಲು, ಮೂರು ಸಲ, ನೋಡುತ್ತಿದ್ದ ಮಗು: ಡೀಸೆಂಟ್ ಲೆಟರಿನಲ್ಲಿ ಇವೆಲ್ಲ ಬರಬಾರದೆಂದೇ ನಾನು ಕಲಿತದ್ದು. 'ಐ ಹ್ಯಾವ್ ಬೀನ್ ಸಬ್ಜೆಕ್ಟೆಡ್ ಟು ಕಂಟಿನ್ಯುಯಸ್ ಕ್ರುಯೆಲ್ಟಿ' ಎಂದು ನೀಟಾಗಿ ಬರೆದುಕೊಟ್ಟೆ. ಹೊಡೆದವನೇ ಇಲ್ಲದ ವಾಕ್ಯ. ಗ್ರಾಮರ್ ಮಾತ್ರ ಫಸ್ಟ್ ಕ್ಲಾಸ್.

ಮರುದಿನ ಬೆಳಿಗ್ಗೆ ಇಬ್ಬರೂ ವಾಡಿಗೆ ಹೋದೆವು. ಸಾಹೇಬರು ಓದಿ, ಯಾವ ವಕೀಲರು ಬರೆದರು ಎಂದು ಕೇಳಿದರು. ಕರೆಸಿದ್ದ ಗಂಡ ನಕ್ಕ.

"ಸಾಹೇಬ್ರ, ಇದು ನನ್ ಹೆಣ್ತಿ ಇಂಗ್ಲಿಷ್ ಏನ್ರಿ? ಈ ಮುದುಕಿ ಕುಂತು ಕಥಿ ಕಟ್ಯಾಳ. ಆಕಿ ಬಚ್ಚಲದಾಗ ಜಾರಿ ಬಿದ್ದಾಳ."

ಎಂಟು ದಿನದಲ್ಲಿ ವಿಚಾರಣೆ ಮಾಡೋಣ ಎಂದು ಸಾಹೇಬರು ನಮ್ಮನ್ನು ಹೊರಗೆ ಕಳಿಸಿದರು.

ವರಾಂಡದಲ್ಲಿ ಅವನು ಅವಳ ಬಾತ ಕೈಯನ್ನೇ ಹಿಡಿದು ತಿರುವಿದ. ಕೂದಲು ಹಿಡಿದು ಮುಖವನ್ನು ಗೋಡೆಗೆ ಬಡಿದ, ಮತ್ತೊಮ್ಮೆ ಬಡಿದ. ಅಡ್ಡ ಬಂದ ನನ್ನ ಹೊಟ್ಟೆಗೆ ಒದ್ದ. ಬಾಗಿಲ ಕಾವಲಿನವನು, "ಗಂಡ ಹೆಣ್ತಿ ಜಗಳ್ರಿ ಅಮ್ಮಾ, ನೀವ್ಯಾಕ್ ನಡಕ ಬರ್ತೀರಿ?" ಎಂದು ನನ್ನನ್ನೇ ಎಳೆದ.

ಅವಳು ಬಿಡಿಸಿಕೊಂಡು ಸಾಹೇಬರ ಕೋಣೆಗೆ ನುಗ್ಗಿದಳು, ಹಿಂದೆಯೇ ನಾನೂ. "ಸಾಹೇಬ್ರ, ನಂದು ನಾನೇ ಬರಿತೀನ್ರಿ," ಎಂದು ಮೇಜಿನ ಮೇಲಿನ ಪೆನ್ನು ಎಡಗೈಯಲ್ಲಿ ಹಿಡಿದಳು. ಒಡೆದ ತುಟಿಯಿಂದ ರಕ್ತ ಹಾಳೆಯ ಮೇಲೆ ಹನಿಯುತ್ತಿತ್ತು. ಅದೇ ಬಾಗಿಲು, ಅದೇ ಮೂರು ಸಲ. ಒಂದೊಂದು ತಪ್ಪಿಗೂ ನನ್ನ ನಾಲಗೆ ತುದಿಗೆ ತಿದ್ದುಪಡಿ ಬಂದು ನಿಲ್ಲುತ್ತಿತ್ತು. ಹಲ್ಲು ಕಚ್ಚಿ ಕೂತೆ.

ಸಾಹೇಬರು ಎರಡು ಸಲ ಓದಿದರು. "ವಿಚ್ ಡೋರ್?"

"ಕಿಚನ್ ಡೋರ್, ಸರ್."

ಅವರು ಎದ್ದು ನಿಂತರು. ಗಂಡನನ್ನು ಅಲ್ಲೇ ಹಿಡಿದಿಡಲು ಕಾವಲಿನವನಿಗೆ ಹೇಳಿ, ಮನೆಯ ಕೀಲಿ ಕಸಿದುಕೊಂಡು ನಮ್ಮೊಂದಿಗೆ ಕ್ವಾರ್ಟರ್ಸಿಗೆ ಬಂದರು.

ಮಗು ಮಂಚದ ಕೆಳಗಿತ್ತು. ಅವ್ವನ ದನಿ ಕೇಳಿ ಹೊರಬಂತು. ಎಲ್ಲರೂ ಹೊರಗೆ ಹೊರಟಾಗ ಮಾತ್ರ ಹೊಸ್ತಿಲ ಬಳಿ ನಿಂತುಬಿಟ್ಟಿತು. ತೆರೆದ ಬಾಗಿಲನ್ನು ನೋಡಿತು. ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು, ಅಡ್ಡಡ್ಡವಾಗಿ ದಾಟಿತು.