ತಿಗಣೆಯ ನಾಚಿಕೆ ಬಿಡಿಸಿದ ಸರ್ವಮಂಗಳಾ

ಬೆಳಗಿನ ಆರು ಗಂಟೆ. ಚೆನ್ನೈನ ವಡಪಳನಿ ಮುರುಗನ ಗುಡಿಯ ಹಿಂದಿನ ಬೀದಿ. ಅಲ್ಲಿನ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ ಸರ್ವಮಂಗಳಾ ಮಂಚದಡಿ ಅಂಗಾತ ಮಲಗಿದ್ದಾರೆ. ಬಾಯಲ್ಲಿ ಕಚ್ಚಿಕೊಂಡ ಟಾರ್ಚು, ಕೈಯಲ್ಲಿ ಬಿಸಿ ಹಬೆಯ ಕೊಳವೆ. ಹಲಗೆಯ ಸಂದು, ಸ್ಕ್ರೂ ಬಿದ್ದುಹೋದ ತೂತು, ಹಾಸಿಗೆಯ ಹೊಲಿಗೆ ಎಲ್ಲದರ ಮೇಲೂ ಕೊಳವೆ ಇಂಚಿಂಚಾಗಿ ಸಾಗುತ್ತದೆ. ಟಾರ್ಚು ತೆಗೆದು ನಗುತ್ತಾರೆ: "ಅವಸರ ಮಾಡಿದ್ರ ತತ್ತಿ ಉಳೀತಾವ್ರೀ. ಎರಡು ವಾರಕ್ಕ ತಿಗಣಿ ಸಂಸಾರ ಮತ್ತ ಶುರು."

ರಾಣೆಬೆನ್ನೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಪತಿ ಚನ್ನವೀರಪ್ಪ ಟಿ. ನಗರದ ಜವಳಿ ಅಂಗಡಿಯಲ್ಲಿದ್ದಾರೆ. ಸರ್ವಮಂಗಳಾ ಮೊದಲು ಲಾಡ್ಜೊಂದರಲ್ಲಿ ಕೋಣೆ ಗುಡಿಸುತ್ತಿದ್ದರು. ಅಲ್ಲಿಂದ ಬಟ್ಟೆಗೆ ಅಂಟಿಕೊಂಡು ತಿಗಣೆ ಮನೆಗೂ ಬಂತು. ಆ ವರ್ಷ ನಾದಿನಿಯ ಗೃಹಪ್ರವೇಶಕ್ಕೆ ಹೋದರೆ, ಹೊರಗೆ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. "ಊಟಾನೂ ಅಲ್ಲೇ ತಂದಕೊಟ್ರು. ನಾ ಅಳಲಿಲ್ಲ. ಮನೀಗೆ ಬಂದು ನೀರ ಕುದಿಸಾಕ ಇಟ್ಟೆ."

ಕುದಿನೀರಿನಿಂದಲೇ ಅವರು ಮನೆ ಚೊಕ್ಕ ಮಾಡಿಕೊಂಡರು. ಲಾಡ್ಜಿಗೆ ಔಷಧಿ ಹೊಡೆಯಲು ಬರುತ್ತಿದ್ದ ಗುತ್ತಿಗೆದಾರ ಜಯರಾಮ ಇದನ್ನು ಕೇಳಿ ಕೆಲಸಕ್ಕೆ ಕರೆದರು. ಈಗ ಸರ್ವಮಂಗಳಾ ಅವರದು ಸ್ವಂತ ಯಂತ್ರ. ದಿನಕ್ಕೆ ಎರಡು ಮನೆ. ಮೇ ತಿಂಗಳ ಸೆಕೆಯಲ್ಲಿ ಹಬೆಯ ಮುಂದೆ ಕೂತು ಕಣ್ಣು ಕತ್ತಲೆ ಬರುವುದೂ ಉಂಟು.

ಈ ಕಟ್ಟಡಕ್ಕೆ ಅವರನ್ನು ಕರೆಸಿದ್ದು ನಿವೃತ್ತ ಶಿಕ್ಷಕಿ ಜಯಲಕ್ಷ್ಮೀ. ಮೊಮ್ಮಗಳ ಮೈಯೆಲ್ಲ ದದ್ದೆದ್ದ ಮೇಲೆ ಪೆರುಂಗುಡಿಯಲ್ಲಿರುವ ಮಗಳು ತವರಿಗೆ ಬರುವುದನ್ನೇ ಬಿಟ್ಟಿದ್ದಳು. ಹಬೆ ಹಿಡಿದರೂ ಪಕ್ಕದ ಮನೆಗಳಿಂದ ಗೋಡೆಯ ಬಿರುಕು ದಾಟಿ ತಿಗಣೆಗಳು ಮತ್ತೆ ಮತ್ತೆ ಬಂದವು. ಲಿಫ್ಟಿನಲ್ಲಿ ಟೀಚರ್ ಇದ್ದರೆ ನೆರೆಯವರು ಮೆಟ್ಟಿಲು ಹಿಡಿಯುತ್ತಿದ್ದರು. ತಮ್ಮ ಮನೆಯಲ್ಲೂ ಇದೆಯೆಂದು ಯಾರೂ ಬಾಯಿಬಿಡಲಿಲ್ಲ.

"ನಿಮ್ಮೊಂದ ಮನಿ ಮಾಡಿದ್ರ ಹೋಗಂಗಿಲ್ರೀ ಅಮ್ಮಾ. ನಾ ಬಂದು ಎಲ್ಲಾರ ಕೂಡ ಮಾತಾಡ್ಲೇನು?" ಎಂದು ಕೇಳಿ, ಸರ್ವಮಂಗಳಾ ನಿವಾಸಿಗಳ ಭಾನುವಾರದ ಸಭೆಗೆ ಹೋದರು. ಯಾರನ್ನೂ ದೂರಲಿಲ್ಲ. ವರಾಂಡದಲ್ಲಿ ಕೂತು ಉಂಡ ದಿನದ ಕಥೆಯನ್ನು ತಮಿಳು, ಕನ್ನಡ ಬೆರೆಸಿ ಹೇಳಿದರು. "ಸೂಟ್‌ಕೇಸಿನ್ಯಾಗ ಬರೋ ಹುಳ ಇದು. ಇದ್ರಾಗ ಅಸಿಂಗಂ, ಹೇಸಿಗಿ ಏನೂ ಇಲ್ಲೀಂಗ. ನಾವು ನಾಚಿಕೊಂಡಷ್ಟೂ ಅದು ಬೆಳೀತದ."

ಮೊದಲು ಎದ್ದು ನಿಂತವರು ಸಂಘದ ಕಾರ್ಯದರ್ಶಿ ವಿಷ್ಣುತೀರ್ಥ, ಅದುವರೆಗೆ ಜಯಲಕ್ಷ್ಮೀಯವರ ಮನೆಯನ್ನೇ ಬೊಟ್ಟು ಮಾಡಿದ್ದವರು. "ನಮ್ಮನೇಲೂ ಇದೆಮ್ಮಾ. ಎರಡು ತಿಂಗಳಿಂದ ಹಾಲ್‌ನಲ್ಲಿ ನೆಲದ ಮೇಲೆ ಪಡ್ಕೊತಿದೀನಿ. ಟೀಚರ್, ತಪ್ಪಾಯ್ತು, ಮನ್ನಿಸ್ಬೇಕು." ಒಂದೊಂದಾಗಿ ಕೈಗಳೆದ್ದವು.

ಇವತ್ತು ಕೊನೆಯ ಸುತ್ತು. ಎಲ್ಲ ಮನೆಗಳ ಬಾಗಿಲೂ ತೆರೆದಿವೆ, ಬಿಸಿಲೇರುವ ಹೊತ್ತಿಗೆ ಹಬೆ ಹಿಡಿದ ಹಾಸಿಗೆಗಳೆಲ್ಲ ತಾರಸಿಗೆ ಹೋಗಿವೆ. ಜಯಲಕ್ಷ್ಮೀ ಫಿಲ್ಟರ್ ಕಾಫಿ ತಂದು ಕೊಡುತ್ತಾ, "ಶನಿವಾರ ಪೇತ್ತಿ, ನನ್ನ ಮೊಮ್ಮಗಳು ಬರ್ತಾಳೆ. ರಾತ್ರಿ ಅಜ್ಜಿ ಪಕ್ಕಾನೇ ಪಡ್ಕೋಬೇಕಂತೆ" ಎನ್ನುತ್ತಾರೆ.

ಈಗಲೂ ಎಷ್ಟೋ ಮನೆಯವರು ಸರ್ವಮಂಗಳಾ ಅವರಿಗೆ ಪಕ್ಕದ ಬೀದಿಯಲ್ಲೇ ಗಾಡಿ ಬಿಟ್ಟು ಬರಲು ಹೇಳುತ್ತಾರೆ. ಯಾರಾದರೂ ಕೇಳಿದರೆ ವಾಷಿಂಗ್ ಮಷೀನ್ ರಿಪೇರಿ ಎನ್ನಬೇಕಂತೆ.

ಸರ್ವಮಂಗಳಾ ಅವರ ಆಸೆಯೇನು? ಕಾಫಿ ಲೋಟ ಕೆಳಗಿಡುತ್ತಾರೆ. "ಸ್ಕೂಟರ್ ಮ್ಯಾಲ 'ತಿಗಣೆ ತೆಗೆಯುವವರು' ಅಂತ ಕನ್ನಡ, ತಮಿಳು ಎರಡ್ರಾಗೂ ದೊಡ್ಡದಾಗಿ ಬರಸ್ಬೇಕ್ರೀ. ಆ ಗಾಡೀನ ಗೇಟಿನ ಮುಂದ ನಿಲ್ಲಸ್ಬೇಕು."