ಜಗತ್ತಿಗೊಂದು ಚುನಾವಣೆ

ಶಾಲೆಯ ಹಳೆ ಕಪಾಟು ಖಾಲಿ ಮಾಡಿಸುವಾಗ ತಳದಲ್ಲಿ ಭೂಗೋಳ ಸಿಕ್ಕಿತು. ಆಫ್ರಿಕಾದ ಮೇಲೆ ಒಂದು ತಗ್ಗು. ಧೂಳು ಒರೆಸುತ್ತಿದ್ದಂತೆ, ಅದನ್ನು ತಿರುಗಿಸಿ ಪಾಠ ಮಾಡುತ್ತಿದ್ದ ಸಮಾಜ ವಿಜ್ಞಾನದ ಮಾಸ್ತರರು ನೆನಪಾದರು...

ನಾನು ಗಣಿತ ಕಲಿಸಲು ಹೊಸದಾಗಿ ಸೇರಿದಾಗ ಅವರು ಹಿರಿಯರು. ಇಬ್ಬರದೂ ಶಹಾಪುರದ ಬದಿಯ ಒಂದೇ ಊರು. ನಮ್ಮದು ಗೌಡರ ಓಣಿ, ಅವರದು ಊರಾಚೆಯ ದಲಿತರ ಕೇರಿ. ಶಾಲೆಗೆ ಒಂದೇ ಬಸ್ಸು. ಭೂಮಿಯ ಮೇಲಿನ ಜನರೆಲ್ಲ ಓಟು ಹಾಕಿ ಒಂದು ಸರ್ಕಾರ ಆರಿಸಬೇಕು ಎನ್ನುವುದು ಅವರ ಹುಚ್ಚು. ಯುದ್ಧ ಮಾಡಿಸುವವರು, ನಮ್ಮ ಹತ್ತಿಯ ಧಾರಣೆ ಇಳಿಸುವವರು ಎಲ್ಲೋ ಕೂತಿರುತ್ತಾರೆ, ಅವರನ್ನು ನಾವು ಆರಿಸಿಲ್ಲವಲ್ಲ ಎನ್ನುತ್ತಿದ್ದರು. ಅಷ್ಟು ದೊಡ್ಡ ಚುನಾವಣೆ ಆಗುವ ಮಾತೇ ಎಂದು ನಾನು ನಗುತ್ತಿದ್ದೆ.

ಆ ವರ್ಷ ಪಂಚಾಯಿತಿಯಲ್ಲಿ ನಮ್ಮ ವಾರ್ಡಿನ ಸೀಟು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ನಮ್ಮೂರಲ್ಲಿ ಪಂಚಾಯಿತಿಗೆ ಓಟು ನಡೆಯುವುದಿಲ್ಲ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಹೆಸರು ಹೇಳುತ್ತಾರೆ, ಉಳಿದವರು ಹೂಂ ಅನ್ನುತ್ತಾರೆ. ಅದಕ್ಕೆ ಊರಿನ ಒಗ್ಗಟ್ಟು ಅನ್ನುತ್ತೇವೆ. ಆ ಸಲ ಹಿರಿಯರು ಹೇಳಿದ್ದು ನಮ್ಮ ಮನೆಯ ಸಗಣಿ ಬಳಿಯುವ ಮುದುಕಿಯ ಹೆಸರು. ಮಾಸ್ತರರ ಹೆಂಡತಿ ಯಾರನ್ನೂ ಕೇಳದೆ ನಾಮಪತ್ರ ಹಾಕಿದರು.

ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನಕ್ಕೆ ಮುಂಚೆ, ಕಟ್ಟೆಯ ಹಿರಿಯರಲ್ಲೊಬ್ಬನಾದ ಅಪ್ಪ ನನ್ನನ್ನೇ ಮಾಸ್ತರರ ಮನೆಗೆ ಕಳಿಸಿದ. ಹೋದೆ. ವಾಪಸ್ ಪಡೆಯದಿದ್ದರೆ ಆಕೆಯ ತಮ್ಮಂದಿರಿಗೆ ಇನ್ನು ಊರಿನ ಯಾವ ಹೊಲದಲ್ಲೂ ಕೆಲಸ ಸಿಗದು ಎಂದು, ಅವರು ಕೊಟ್ಟ ಚಹಾ ಕುಡಿಯುತ್ತಲೇ ಹೇಳಿದೆ.

"ಓಟು ನಡದ್ರ ನೀವು ಯಾರಿಗಿ ಹಾಕ್ತಿದ್ರಿ ಸರ್?" ಮಾಸ್ತರರು ಕೇಳಿದರು.

ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಜಗತ್ತು ದೊಡ್ಡದು, ಆಗಂಗಿಲ್ಲ ಅಂತಿದ್ರಿ. ಸಣ್ಣ ಊರಾಗೇ ಆಗಂಗಿಲ್ರಿ. ಇಲ್ಲಿ ಯಾರು ಯಾರಿಗಿ ಹಾಕ್ಯಾರ ಅಂತ ಸಂಜಿಗೇ ಗೊತ್ತಾಗ್ತದ. ಜಗತ್ತಿನ ಅಷ್ಟು ಮಂದಿ ನಡುವ ಆದ್ರ ನಂದೊಂದು ಓಟು ನಿಮ್ಮ ಅಪ್ಪಾರ ಕೈಗಿ ಸಿಗಂಗಿಲ್ಲ."

ಒಳಗಿನಿಂದ ಅವರ ಹೆಂಡತಿ ಅಂದರು, "ವಾಪಸ್ ತಗೋತೀನ್ರಿ. ಹೋಗಿ ಹೇಳ್ರಿ."

ಹೇಳಿದೆ. ಅಪ್ಪ ಬೆನ್ನು ತಟ್ಟಿದ. ಮರುದಿನದಿಂದ ಮಾಸ್ತರರು ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಸುರಪುರಕ್ಕೆ ವರ್ಗ ಮಾಡಿಸಿಕೊಂಡು ಹೋದರು, ಅಲ್ಲೇ ತೀರಿಕೊಂಡರು... ಮಣ್ಣಿಗೂ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ನಾಲ್ಕು ದೊಡ್ಡ ದೇಶದವರು ಮೇಜಿನ ಸುತ್ತ ಕೂತು ಎಲ್ಲರ ಪರವಾಗಿ ತೀರ್ಮಾನ ಹೇಳುವುದನ್ನು ಟಿವಿಯಲ್ಲಿ ನೋಡಿದಾಗ ನನಗೆ ನಮ್ಮೂರ ಕಟ್ಟೆಯೇ ಕಾಣುತ್ತದೆ. ಮಾಸ್ತರರ ಆಸೆಯ ಚುನಾವಣೆ ನಾಳೆಯೇ ಬಂದರೂ, ಬಡವರ ಮನೆಗೆ ಹೋಗಿ ಮೆಲ್ಲಗೆ ಹೆದರಿಸಿ ಬರಲು ನನ್ನಂಥ ಓದಿದವನೊಬ್ಬ ಎಲ್ಲ ದೇಶಗಳಲ್ಲೂ ಸಿಗುತ್ತಾನೆ. ಇದನ್ನು ಅವರಿಗೆ ಹೇಳಿ ಜಗಳವಾಡಬೇಕಿತ್ತು. ಈಗ ಅವರಿಲ್ಲ.

ಈ ಸಲ ಪಂಚಾಯಿತಿಯ ಆ ಸೀಟು ಸಾಮಾನ್ಯ ಮಹಿಳೆಗೆ ಬಂದಿತ್ತು. ನನ್ನ ಹೆಂಡತಿ ಅವಿರೋಧವಾಗಿ ಆಯ್ಕೆಯಾಗಿದ್ದಾಳೆ.